ತೆಗೆಯದೆ ಉಳಿದ ಲೂಪ್

ಲೂಪ್ ಹಾಕಿದವರೇ ಲೂಪ್ ತೆಗೆಯಬೇಕು. ಶಿವಮೊಗ್ಗದ ದೂರವಾಣಿ ಕಚೇರಿಯ ಟ್ರಾನ್ಸ್‌ಮಿಷನ್ ರೂಮಿನಲ್ಲಿ ಶರಾವತಿ ಈ ಮಾತನ್ನು ಹೇಳದ ದಿನವಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಕಲಿಸುತ್ತಿದ್ದ ಮೊದಲ ಪಾಠ ಅದು. ಅವರು ಅವಳಿಂದ ತಿನ್ನುತ್ತಿದ್ದ ಮೊದಲ ಬೈಗುಳವೂ ಅದರ ಬಗ್ಗೆಯೇ ಇರುತ್ತಿತ್ತು.

ಆ ಕೆಲಸದ ಗಂಧಗಾಳಿ ಇಲ್ಲದವರಿಗೆ ಎರಡು ಮಾತು ಹೇಳಿಬಿಡುವುದು ಒಳ್ಳೆಯದು. ಆ ರೂಮಿನಲ್ಲಿ ಮಲ್ಟಿಪ್ಲೆಕ್ಸರ್ ಎಂಬ ಪೆಟ್ಟಿಗೆಗಳಿರುತ್ತವೆ. ಅಲ್ಲಿಯವರ ಬಾಯಲ್ಲಿ ಅದು ಮಕ್ಸ್. ಒಂದೂರಿನ ನೂರಾರು ಜನರ ಮಾತನ್ನು ಒಟ್ಟುಮಾಡಿ ಒಂದೇ ಎಳೆಯಲ್ಲಿ ಇನ್ನೊಂದೂರಿಗೆ ಕಳಿಸುವುದು, ಅಲ್ಲಿಂದ ಬಂದದ್ದನ್ನು ಬಿಡಿಸಿ ಅವರವರಿಗೆ ಮುಟ್ಟಿಸುವುದು ಅದರ ಕೆಲಸ. ಲೈನು ಸರಿಯಾಗಿದೆಯೇ ಎಂದು ನೋಡಬೇಕಾದರೆ ನಡುವೆ ಲೂಪ್ ಹಾಕುತ್ತಾರೆ. ಆಗ ಕಳಿಸಿದ್ದು ಮುಂದೆ ಹೋಗದೆ ಅಲ್ಲಿಂದಲೇ ತಿರುಗಿ ಬರುತ್ತದೆ. ಕಳಿಸಿದ್ದು ಹಾಗೇ ವಾಪಸ್ ಬಂದರೆ ಲೈನು ಸರಿ ಎಂದು ಅರ್ಥ. ನೋಡಿಯಾದ ಮೇಲೆ ಲೂಪ್ ತೆಗೆದುಬಿಡಬೇಕು. ಮರೆತರೆ ಕೆಟ್ಟಿತು: ದೀಪಗಳೆಲ್ಲ ಹಸಿರಾಗಿಯೇ ಉರಿಯುತ್ತಿರುತ್ತವೆ, ಎಲ್ಲಿಯೂ ಕೆಂಪು ಕಾಣಿಸುವುದಿಲ್ಲ, ಆದರೆ ಒಂದು ಮಾತೂ ಆಚೆಗೆ ದಾಟುವುದಿಲ್ಲ. ಎರಡು ಕಡೆಯವರಿಗೂ ತಮ್ಮ ತಮ್ಮ ದನಿಯೇ ಕೇಳಿಸುತ್ತಿರುತ್ತದೆ.

ಇಷ್ಟು ವರ್ಷದ ಸರ್ವಿಸಿನಲ್ಲಿ ತಾನು ಒಮ್ಮೆಯೂ ಲೂಪ್ ಮರೆತವಳಲ್ಲ ಎನ್ನುವುದು ಶರಾವತಿಯ ಜಂಬ. ಜಂಬ ಪಡುವುದಕ್ಕೆ ಅವಳಿಗೆ ಬೇರೆ ಹೆಚ್ಚೇನೂ ಇರಲಿಲ್ಲವಾದ್ದರಿಂದ ಅದನ್ನು ಯಾರೂ ಕಿತ್ತುಕೊಳ್ಳಲು ಹೋಗುತ್ತಿರಲಿಲ್ಲ.

ಕೋಟೆಯ ಒಂದು ಓಣಿಯಲ್ಲಿ ಅವಳ ಮನೆ. ತಂದೆ ಶಂಕರನಾರಾಯಣ ಶಾಸ್ತ್ರಿಗಳು ಸಂಸ್ಕೃತದ ಮೇಷ್ಟ್ರಾಗಿದ್ದವರು, ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಇದ್ದದ್ದು ತಾಯಿ ಸೀತಾಲಕ್ಷ್ಮಿ ಮತ್ತು ಅವಳು. ಮದುವೆಯ ವಯಸ್ಸಿನಲ್ಲಿ ಮೊದಲು ಜಾತಕ ಕೂಡಿಬರಲಿಲ್ಲ, ಆಮೇಲೆ ಅಪ್ಪ ಹಾಸಿಗೆ ಹಿಡಿದರು, ಅದೆಲ್ಲ ಮುಗಿಯುವ ಹೊತ್ತಿಗೆ ಕೇಳಿಕೊಂಡು ಬರುವವರೇ ನಿಂತುಹೋದರು. ಐವತ್ತು ಹತ್ತಿರ ಬಂದಾಗ ನೆಂಟರು ಅವಳನ್ನು ನೋಡಿ ‘ಪಾಪ’ ಎನ್ನುವುದನ್ನೂ ಬಿಟ್ಟಿದ್ದರು. ಅದೊಂದು ಉಪಕಾರವಾಯಿತು ಎಂದು ಅವಳು ಅಂದುಕೊಂಡಿದ್ದಳು.

ಹಾಗಂತ ಅವಳ ದಿನಗಳು ಮಾತಿಲ್ಲದೆ ಕಳೆಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವಳಿಗೆ ಭದ್ರಾವತಿಯೊಂದಿಗೆ ಮಾತಿರುತ್ತಿತ್ತು. ಎರಡು ಸ್ಟೇಷನ್ನಿನ ಕೆಲಸದವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲೆಂದು ಮಕ್ಸ್‌ನಲ್ಲಿ ಒಂದು ಪುಟ್ಟ ಲೈನು ಬೇರೆಯಾಗಿ ಇರುತ್ತದೆ, ಆರ್ಡರ್ ವೈರ್ ಎನ್ನುತ್ತಾರೆ. ಅದಕ್ಕೆ ನಂಬರಿಲ್ಲ, ಬಿಲ್ಲಿಲ್ಲ. ರಿಸೀವರ್ ಎತ್ತಿ ಗುಂಡಿ ಒತ್ತಿದರೆ ಆ ಕಡೆ ಗಂಟೆ ಬಾರಿಸುತ್ತದೆ. ಭದ್ರಾವತಿಯ ನ್ಯೂ ಟೌನ್ ಎಕ್ಸ್‌ಚೇಂಜಿನಲ್ಲಿ ಆ ರಿಸೀವರ್ ಎತ್ತುತ್ತಿದ್ದವನು ವಿಜಯೇಂದ್ರ.

ವಿಜಯೇಂದ್ರನ ತಂದೆ ಉಜ್ಜನಪ್ಪ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. ಮಗ ಬೆಳೆದದ್ದೂ ಅಲ್ಲಿನ ಕ್ವಾರ್ಟರ್ಸಿನಲ್ಲಿ. ತನ್ನ ಹೆಂಡತಿ ತೀರಿಕೊಂಡ ಮೇಲೆ ವಿಜಯೇಂದ್ರ ಮಗಳು ರಶ್ಮಿಯನ್ನು ಒಬ್ಬನೇ ಸಾಕಿ ಹಾಸನಕ್ಕೆ ಮದುವೆ ಮಾಡಿಕೊಟ್ಟಿದ್ದ. ಬೆಳಿಗ್ಗೆ ಲೈನುಗಳ ಟೆಸ್ಟು ಮುಗಿಯಲು ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ. ಉಳಿದದ್ದೆಲ್ಲ ಮಾತು. ಬಿಸಿಲು, ಬೆಲೆ, ಅವನು ಸುಟ್ಟುಕೊಂಡ ರೊಟ್ಟಿ, ಅವಳ ತಾಯಿಯ ಮಡಿ. ಎರಡು ಕಡೆಯ ಮಕ್ಸ್‌ಗಳೂ ಒಂದೇ ಗಡಿಯಾರದ ತಾಳಕ್ಕೆ ನಡೆಯಬೇಕು, ಭದ್ರಾವತಿಯದು ಆ ತಾಳವನ್ನು ಶಿವಮೊಗ್ಗದಿಂದಲೇ ಪಡೆಯುತ್ತಿತ್ತು. ಅದನ್ನೇ ಹಿಡಿದುಕೊಂಡು ಅವನು ಅವಳನ್ನು ಕಾಡಿಸುತ್ತಿದ್ದ. ನಮ್ಮ ಗಡಿಯಾರ ನಿಮ್ಮ ಕೈಯಲ್ಲಿದೆ ಮೇಡಂ, ನೀವು ತಡ ಮಾಡಿದರೆ ಇಡೀ ಭದ್ರಾವತಿಗೆ ತಡ ಎನ್ನುತ್ತಿದ್ದ.

ಅವರ ನಡುವೆ ಎರಡು ಪದ್ಧತಿಗಳಿದ್ದವು. ಒಂದು, ಹೊಸ ಲೈನು ಶುರುವಾದರೆ ಅದರಲ್ಲಿ ಮೊದಲ ಮಾತು ಹಲೋ ಆಗಕೂಡದು, ಏನಾದರೂ ಒಳ್ಳೆಯ ಸುದ್ದಿಯೇ ಆಗಬೇಕು. ಹಿಂದೆ ಅಲ್ಲಿದ್ದ ಈಶ್ವರಪ್ಪ ಎಂಬ ಹಿರಿಯರು ಹಾಕಿಕೊಟ್ಟ ಪದ್ಧತಿ ಅದು. ಲಿಂಗನಮಕ್ಕಿ ಅಣೆಕಟ್ಟು ತುಂಬಿತಂತೆ, ರಶ್ಮಿ ಪಾಸಾದಳಂತೆ, ಈಶ್ವರಪ್ಪನವರಿಗೆ ಮೊಮ್ಮಗು ಹುಟ್ಟಿತಂತೆ, ಹೀಗೆ ಹೇಳಿಯೇ ಇಬ್ಬರೂ ಎಷ್ಟೋ ಲೈನುಗಳನ್ನು ಶುರುಮಾಡಿದ್ದರು. ಇನ್ನೊಂದು ಪದ್ಧತಿ ತಮಾಷೆಯದು. ಆರ್ಡರ್ ವೈರಿನಲ್ಲಿ ಯಾರಾದರೂ ಅತಿಯಾಗಿ ಕೊರೆದರೆ ಕೇಳುತ್ತಿದ್ದವರು ಸುಮ್ಮನೆ ಲೂಪ್ ಹಾಕಿಬಿಡುತ್ತಿದ್ದರು. ನಿನ್ನ ಪುರಾಣ ನೀನೇ ಕೇಳಿಕೋ, ನನಗೆ ಬೇಡ ಎಂದು ಅದರ ತಾತ್ಪರ್ಯ. ಆ ಸುತ್ತಿನ ಸ್ಟೇಷನ್ನುಗಳಲ್ಲಿ ಲೂಪ್ ಹಾಕಿಸಿಕೊಳ್ಳದವರು ಯಾರೂ ಇರಲಿಲ್ಲ. ಆದರೆ ಇವರಿಬ್ಬರು ಒಬ್ಬರಿಗೊಬ್ಬರು ಎಂದೂ ಹಾಕಿಕೊಂಡಿರಲಿಲ್ಲ.

ಹೀಗಿರುವಾಗ ಹೊಸ ಕಾರ್ಡಿನ ಸುದ್ದಿ ಬಂತು. ಮಕ್ಸ್ ಪೆಟ್ಟಿಗೆಯೊಳಗಿನ ಹಳೆಯ ಸರ್ಕ್ಯೂಟ್ ಹಲಗೆಗಳನ್ನು, ಅಂದರೆ ಕಾರ್ಡುಗಳನ್ನು, ತೆಗೆದು ಎರಡೂ ಕಡೆ ಹೊಸದನ್ನು ಹಾಕುವುದು. ಆಮೇಲೆ ಭದ್ರಾವತಿಯನ್ನು ದೂರದಿಂದಲೇ ನೋಡಿಕೊಳ್ಳಬಹುದು, ಅಲ್ಲಿ ಆಳು ಬೇಡ, ರೂಮಿಗೆ ಬೀಗ ಹಾಕಿದರೆ ಸಾಕು. ವಿಜಯೇಂದ್ರ ಸ್ವಯಂ ನಿವೃತ್ತಿಗೆ ಬರೆದುಕೊಟ್ಟ. ಅದನ್ನು ಅವಳಿಗೆ ಹೇಳಿದ್ದು ಒಂದು ಬೆಳಿಗ್ಗೆ, ಟೆಸ್ಟು ಮುಗಿದ ಮೇಲೆ. ಹೇಳಿ ಒಮ್ಮೆ ಕೆಮ್ಮಿದ.

“ಆಮೇಲೆ ಬೆಳಿಗ್ಗೆ ಎದ್ದು ಯಾರ ಹತ್ರ ಮಾತಾಡೋದು ಅಂತ ಯೋಚ್ನೆ ಹತ್ಕೊಂಡಿದೆ ಮೇಡಂ. ನೀವು ನಮ್ಮನೆಗೇ ಬಂದ್ಬಿಟ್ರೆ ಸರಿಹೋಗತ್ತೆ ಅನ್ನಿಸ್ತು. ರಶ್ಮಿ ಹತ್ರಾನೂ ಹೇಳಿದೀನಿ, ಅವಳು ಖುಷಿ ಪಟ್ಲು. ಮದುವೆ ಮಾಡ್ಕೊಂಡೇ ಬನ್ನಿ ಅಂತಿದೀನಿ, ಮತ್ತೆ ತಪ್ಪು ತಿಳ್ಕೋಬೇಡಿ.”

ಶರಾವತಿ ಕುರ್ಚಿಯ ತುದಿಗೆ ಸರಿದಳು. ಐವತ್ತರ ಹೆಂಗಸು, ಕಿವಿಯಲ್ಲಿ ರಿಸೀವರ್, ಎದುರಿಗೆ ಗುಂಯ್‌ಗುಡುವ ಪೆಟ್ಟಿಗೆಗಳು. ಕೊನೆಗೆ ಅವಳ ಬಾಯಿಂದ ಬಂದದ್ದು, ಹೊಸ ಕಾರ್ಡಿಗೂ ಗಡಿಯಾರ ಶಿವಮೊಗ್ಗದಿಂದಲೇ ಕೊಡಬೇಕಲ್ಲವೇ ಎಂಬ ಪ್ರಶ್ನೆ. ಆ ಕಡೆ ಅವನು ನಕ್ಕ.

“ಈಗ್ಲೇ ಹೇಳ್ಬೇಡಿ ಮಾರಾಯ್ರೆ. ಮೊಬೈಲ್‌ನಲ್ಲೂ ಬೇಡ. ಹೊಸ ಕಾರ್ಡ್ ಶುರುವಾದ್ಮೇಲೆ ಇದೇ ಆರ್ಡರ್ ವೈರ್‌ನಲ್ಲಿ ಹೇಳಿ, ಮೊದಲನೇ ಮಾತು ಅದೇ ಆಗ್ಲಿ. ಒಪ್ಪಿಗೆ ಇಲ್ದಿದ್ರೆ ಬಾಯಿಬಿಟ್ಟು ಇಲ್ಲ ಅನ್ನೋ ಕಷ್ಟ ನಿಮಗ್ಯಾಕೆ? ಲೂಪ್ ಹಾಕ್ಬಿಡಿ, ಸಾಕು. ಮತ್ತೆ ಯಾವತ್ತೂ ಕೇಳಲ್ಲ.”

ಅವಳು ಆ ವಾರವೆಲ್ಲ ನಿದ್ದೆಗೆಟ್ಟಳು. ಬೇಡವೆನ್ನುವುದಕ್ಕೆ ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಬೇಕು ಎಂದು ಅವಳಿಗೆ ಅವನು ಕೇಳುವ ಮೊದಲೇ ಗೊತ್ತಿತ್ತು. ಹೆದರಿಕೆ ಇದ್ದದ್ದು ತಾಯಿಯದು. ಅವರು ಲಿಂಗಾಯತರು, ಇವರು ಬ್ರಾಹ್ಮಣರು. ಅವನು ಹೆಂಡತಿ ಸತ್ತವನು, ಇವಳು ಮೊಮ್ಮಕ್ಕಳನ್ನು ಕಾಣಬೇಕಾದ ವಯಸ್ಸಿನವಳು. ಓಣಿಯ ಬಾಯಿಗೆ ಅಷ್ಟು ಸಾಕು. ಕೊನೆಗೆ ಒಂದು ಸಂಜೆ ಬತ್ತಿ ಹೊಸೆಯುತ್ತ ಕೂತಿದ್ದ ತಾಯಿಯ ಮುಂದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಸೀತಾಲಕ್ಷ್ಮಿ ಹೊಸೆಯುತ್ತಿದ್ದ ಬತ್ತಿಯನ್ನು ಪೂರ್ತಿ ಮಾಡಿ, ಇನ್ನೊಂದಕ್ಕೆ ಹತ್ತಿ ಹಿಂಜಿದರು.

“ನಿಮ್ಮಪ್ಪ ಇದ್ದಿದ್ರೆ ಒಪ್ತಿರ್ಲಿಲ್ಲ,” ಎಂದರು ಆಮೇಲೆ. “ಆದ್ರೆ ಅವ್ರಿಗೆ ಕಡೇತನಕ ಮಾತಾಡೋಕೆ ನಾನಿದ್ದೆ. ನಿಂಗೆ ಯಾರಿದಾರೆ? ಹೂಂ ಅಂದ್ಬಿಡು.”

ಮಡಿಯ ಸೀರೆ, ಏಕಾದಶಿ, ಪಂಚಾಂಗ ಎಂದು ಜೀವಮಾನವೆಲ್ಲ ಕಳೆದ ಆ ಹೆಂಗಸು ಇಷ್ಟು ಸುಲಭವಾಗಿ ಒಪ್ಪಿದ್ದನ್ನು ಕಂಡು ಶರಾವತಿ ಅಡುಗೆಮನೆಗೆ ಹೋಗಿ ಅತ್ತಳು. ಸಂತೋಷಕ್ಕೆ ಅಳುವುದು ಅವಳಿಗೆ ಅಭ್ಯಾಸವಿರಲಿಲ್ಲ. ಅಂದಿನಿಂದ ಅವಳು ಕಾಯುತ್ತಿದ್ದದ್ದು ಕಾರ್ಡಿಗಾಗಿ.

ಕಾರ್ಡು ಬಂದದ್ದು ಕಾರ್ತಿಕ ಮಾಸದ ಒಂದು ಒಳ್ಳೆಯ ಬಿಸಿಲಿನ ದಿನ. ಕಂಪನಿಯ ಕಡೆಯಿಂದ ಅತುಲ್ ಎಂಬ ಇಂಜಿನಿಯರ್ ಬಂದಿದ್ದ. ಭದ್ರಾವತಿಯ ಕಾರ್ಡನ್ನು ಡ್ರೈವರ್ ಮಲ್ಲೇಶ್ ಬೆಳಿಗ್ಗೆಯೇ ಜೀಪಿನಲ್ಲಿ ತಲುಪಿಸಿಬಂದಿದ್ದ. ತಾಯಿ ಪಾಯಸಕ್ಕೆ ಹೆಸರುಬೇಳೆ ಹುರಿಯುತ್ತಿದ್ದ ವಾಸನೆಯನ್ನು ಮೂಗಿನಲ್ಲಿಟ್ಟುಕೊಂಡೇ ಶರಾವತಿ ಆಫೀಸಿಗೆ ಬಂದಿದ್ದಳು. ಉಟ್ಟಿದ್ದು ಎಲೆಹಸಿರು ಬಣ್ಣದ ಹೊಸ ಸೀರೆ. ಏನು ವಿಶೇಷ ಎಂದು ಕೇಳಿದವರಿಗೆಲ್ಲ ಹೊಸ ಕಾರ್ಡು ಬಂತಲ್ಲ ಎಂದು ಹೇಳಿ ನಗಿಸಿದಳು.

ಮೈಯ ಕರೆಂಟು ಕಾರ್ಡಿಗೆ ತಾಗಬಾರದೆಂದು ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಂಡು, ಹಳೆಯ ಕಾರ್ಡನ್ನು ಎಳೆದು ಪಕ್ಕಕ್ಕಿಟ್ಟಳು. ಹೊಸದನ್ನು ಸ್ಲಾಟಿನ ಹಳಿಯ ಮೇಲೆ ಮೆಲ್ಲಗೆ ಜಾರಿಸಿದಳು. ಹಿಂದಿನ ಪಿನ್ನುಗಳು ಒಂದೂ ಬಾಗದೆ ಕೂತವು ಎಂದು ಬೆರಳಿಗೆ ಗೊತ್ತಾದ ಮೇಲೆ ಮೇಲೆ ಕೆಳಗೆ ಕ್ಲಿಪ್ಪು ಒತ್ತಿದಳು. ಕೆಂಪು ದೀಪ ಹತ್ತಿ, ಮಿನುಗಿ, ಹಳದಿಯಾಗಿ ನಿಂತಿತು. ಆಮೇಲೆ ಅತುಲ್ ತಂದಿದ್ದ ಲ್ಯಾಪ್‌ಟಾಪಿನ ಕೆಲಸ. ಯಾವ ಸ್ಲಾಟಿನಲ್ಲಿ ಯಾವ ಕಾರ್ಡು, ಯಾವ ಚಾನೆಲ್ ಎಲ್ಲಿಗೆ ಹೋಗಬೇಕು, ಗಡಿಯಾರ ಎಲ್ಲಿಂದ ಬರಬೇಕು ಎಂದು ಒಂದೊಂದನ್ನೂ ತುಂಬುತ್ತ ಹೋದಳು. ಆರ್ಡರ್ ವೈರ್ ಸತ್ತಿದ್ದರಿಂದ ಭದ್ರಾವತಿಯೊಂದಿಗೆ ಮೊಬೈಲಿನಲ್ಲೇ ಮಾತು. ಅತುಲ್ ಕೇಳಲೆಂದು ಸ್ಪೀಕರ್ ಹಾಕಿದ್ದರಿಂದ ಇಬ್ಬರೂ ಎಂದೂ ಪರಿಚಯವಿಲ್ಲದವರಂತೆ ಬಿಗಿಯಾಗಿ ಮಾತಾಡಿದರು. ಗಡಿಯಾರ ಸಿಕ್ಕಿತಾ ಎಂದು ಅವಳು ಕೇಳಿದಳು. ಸಿಕ್ಕಿತು ಮೇಡಂ ಎಂದು ಅವನು ಹೇಳಿದ. ಅಷ್ಟರಲ್ಲೇ ಅವನು ನಗುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು.

ಟೆಸ್ಟಿಗಾಗಿ ಎರಡೂ ಕಡೆ ಎಲ್ಲ ಚಾನೆಲ್ಲುಗಳಿಗೂ ಲೂಪ್ ಹಾಕಿ ನೋಡಿದರು. ಒಂದೊಂದೇ ದೀಪ ಹಸಿರಾಯಿತು. ವಿಜಯೇಂದ್ರ ಅಲ್ಲಿ ಕೈಯಿಂದ ಸಿಕ್ಕಿಸಿದ್ದ ಲೂಪ್ ವೈರುಗಳನ್ನೆಲ್ಲ ಕಿತ್ತು, ನನ್ನ ಕಡೆಯದೆಲ್ಲ ತೆಗೆದೆ ಎಂದು ಹೇಳಿ ಮೊಬೈಲ್ ಇಟ್ಟ. ಇಲ್ಲಿ ಶರಾವತಿ ಲ್ಯಾಪ್‌ಟಾಪಿನಲ್ಲಿ ತನ್ನ ಕಡೆಯದನ್ನು ಸಾಲಾಗಿ ತೆಗೆಯುತ್ತ ಬಂದಳು. ಕಟ್ಟಕಡೆಯ ಸಾಲು ಆರ್ಡರ್ ವೈರಿನದು. ಅಲ್ಲಿಗೆ ಬಂದವಳು ಲ್ಯಾಪ್‌ಟಾಪಿನಿಂದ ಕೈ ತೆಗೆದಳು. ಒಂದು ನಿಮಿಷ ಎಂದು ಅತುಲ್‌ಗೆ ಹೇಳಿ ಎದ್ದಳು.

ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡಳು. ಕರ್ಚೀಫಿನಿಂದ ಒರೆಸಿಕೊಂಡು, ಬ್ಯಾಗಿನಿಂದ ಪುಟ್ಟ ಕನ್ನಡಿ ತೆಗೆದು ಬೊಟ್ಟನ್ನು ನಡುಮಧ್ಯಕ್ಕೆ ಸರಿಮಾಡಿಕೊಂಡಳು. ಮಾತಾಡುವುದು ಫೋನಿನಲ್ಲಿ, ಮುಖ ಯಾರಿಗೆ ಕಾಣಬೇಕು ಎಂದು ಅವಳಿಗೇ ನಗು ಬಂತು. ಆದರೂ ಕೂದಲನ್ನೂ ಒಮ್ಮೆ ಒತ್ತಿಕೊಂಡಳು. ವಾಪಸ್ ಬಂದಾಗ ಅತುಲ್ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿಕೊಂಡಿದ್ದ. ಎಲ್ಲ ಹಸಿರಿದೆ ಮೇಡಂ, ನನಗೆ ರೈಲಿದೆ ಎಂದು ಹೇಳಿ ಹೊರಟ. ಅವನು ಬೇಗ ಹೊರಟಿದ್ದೇ ಒಳ್ಳೆಯದಾಯಿತು ಎಂದು ಅವಳಿಗೆ ಅನ್ನಿಸಿತು. ಬಾಗಿಲು ಮುಂದೆ ಮಾಡಿ, ರಿಸೀವರ್ ಎತ್ತಿದಳು.

“ವಿಜಯೇಂದ್ರ, ನಂಗೆ ಒಪ್ಪಿಗೆ ಇದೆ.”

ವಿಜಯೇಂದ್ರ, ನಂಗೆ ಒಪ್ಪಿಗೆ ಇದೆ ಎಂದು ಅವಳದೇ ದನಿ ಅವಳ ಕಿವಿಗೆ ವಾಪಸ್ ಬಂತು.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ವಿಜಯೇಂದ್ರ ಎಂದು ಕರೆದಳು. ಅದೂ ತಿರುಗಿ ಬಂತು. ಗುಂಡಿ ಒತ್ತಿದರೆ ಅವಳ ಮುಂದಿನ ಗಂಟೆಯೇ ಬಾರಿಸಿತು. ಲೂಪ್ ಇದೆ. ಆದರೆ ತನ್ನ ಕಡೆ ಲೂಪ್ ಇರುವುದಕ್ಕೆ ಸಾಧ್ಯವಿಲ್ಲ, ಅದು ಅವಳ ತಲೆಗೆ ಬರಲೂ ಇಲ್ಲ. ಲೂಪ್ ಮರೆಯುವುದು ಬೇರೆಯವರ ಕೆಲಸ. ಹಾಗಾದರೆ ಅದು ಆ ಕಡೆಯದು. ಮರೆತಿದ್ದಾನೆ ಎನ್ನೋಣವೆಂದರೆ ಅವನಿಗೂ ಈಗ ಅವನ ದನಿಯೇ ಕೇಳಿಸುತ್ತಿರಬೇಕು; ಮರೆತಿದ್ದರೆ ತಕ್ಷಣ ತೆಗೆಯುತ್ತಿದ್ದ. ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ಕಾದಳು. ಆಗಾಗ ಮೆಲ್ಲಗೆ ಉಸಿರು ಬಿಟ್ಟು ನೋಡಿದಳು. ಆ ಉಸಿರೂ ವಾಪಸ್ ಬರುತ್ತಿತ್ತು.

ಬೇಕೆಂದೇ ಹಾಕಿದ್ದಾನೆ ಎಂದು ತೋರಿದಾಗ ಅವಳಿಗೆ ಮೈಯೆಲ್ಲ ನಾಚಿಕೆಯಿಂದ ಸುಟ್ಟಂತಾಯಿತು. ಕೇಳಿದ ಮೇಲೆ ಯೋಚನೆ ಬದಲಾಗಿರಬೇಕು. ಯಾರಾದರೂ ಏನಾದರೂ ಅಂದಿರಬೇಕು. ನಿನ್ನ ಒಪ್ಪಿಗೆ ನೀನೇ ಇಟ್ಟುಕೋ ಎಂದು ಮುಖಕ್ಕೆ ಹೇಳಲಾರದೆ ಲೂಪ್ ಹಾಕಿದ್ದಾನೆ. ಆಫೀಸು ಬಿಡುವ ಹೊತ್ತಿಗೆ ಮೊಬೈಲಿಗೆ ಅವನ ಮೆಸೇಜು ಬಂತು: ಗೊತ್ತಾಯ್ತು ಮೇಡಂ, ಕಾರ್ಡ್ ಸರಿ ಇದೆ, ಇಷ್ಟು ವರ್ಷ ಜೊತೆಗಿದ್ದಿರಿ, ಧನ್ಯವಾದ. ಅದನ್ನು ಓದಿ ಉಳಿದಿದ್ದ ಒಂದು ಚೂರು ಆಸೆಯೂ ಹೋಯಿತು. ಉತ್ತರ ಬರೆಯಲಿಲ್ಲ.

ಮನೆಯಲ್ಲಿ ತಾಯಿ ಪಾಯಸವನ್ನು ಬಿಸಿಯಾಗಿ ಇಟ್ಟು ಬಾಗಿಲಲ್ಲೇ ಕೂತಿದ್ದರು. ಬೇಡ ಅಂದರು ಅಮ್ಮಾ ಎಂದಷ್ಟೇ ಹೇಳಿ ಶರಾವತಿ ಒಳಗೆ ಹೋದಳು. ಸೀತಾಲಕ್ಷ್ಮಿ ಆ ಪಾಯಸವನ್ನು ಪಕ್ಕದ ಮನೆಗೆ ಕೊಟ್ಟುಬಂದರು. ಆಮೇಲೆ ಆ ಮನೆಯಲ್ಲಿ ಹೆಸರುಬೇಳೆ ಪಾಯಸ ಮಾಡಿದ್ದಿಲ್ಲ.

ವಿಜಯೇಂದ್ರ ನಿವೃತ್ತನಾದ. ಭದ್ರಾವತಿಯ ರೂಮಿಗೆ ಬೀಗ ಬಿತ್ತು. ಮಲ್ಲೇಶ್ ಎಂದಾದರೂ ಆ ಕಡೆಯ ಸುದ್ದಿ ಎತ್ತಿದರೆ ಶರಾವತಿ ಎದ್ದು ಹೋಗುತ್ತಿದ್ದಳು. ಆಮೇಲೆ ಅವನೂ ಎತ್ತುವುದನ್ನು ಬಿಟ್ಟ. ಆರ್ಡರ್ ವೈರಿನ ರಿಸೀವರನ್ನು ಯಾರೂ ಮುಟ್ಟುವಂತಿರಲಿಲ್ಲ, ಮುಟ್ಟಿದರೂ ಎತ್ತುವವರು ಆ ಕಡೆ ಇರಲಿಲ್ಲ. ಅದರ ಮೇಲೆ ಧೂಳು ಕೂತಿತು. ಬೆಳಗಿನ ಆ ಹೊತ್ತು ಮಾತ್ರ ದಿನಾ ಬರುತ್ತಿತ್ತು. ಆಗ ಅವಳು ಏನಾದರೊಂದು ನೆಪ ಮಾಡಿಕೊಂಡು ಬೇರೆ ರೂಮಿನಲ್ಲಿರುತ್ತಿದ್ದಳು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟಳು. ಸಿಟ್ಟು ಬರಲಿಲ್ಲ, ಬರೀ ದುಃಖ ಬರುತ್ತಿತ್ತು.

ಹೀಗೆ ಒಂದು ವರ್ಷ ಕಳೆದು ಇನ್ನೊಂದು ಬೇಸಿಗೆ ಬಂತು. ಭದ್ರಾವತಿಯಲ್ಲಿ ಹೊಸ ಟವರ್ ಒಂದಕ್ಕೆ ಲೈನು ಕೊಡಬೇಕಿತ್ತು. ಅದೇ ಕಾರ್ಡಿನಲ್ಲಿ ಖಾಲಿ ಚಾನೆಲ್ ಯಾವುದಿದೆ ನೋಡಿ ಎಂದು ಮೇಲಿನಿಂದ ಹೇಳಿದರು. ಶರಾವತಿ ಆಫೀಸಿನ ಲ್ಯಾಪ್‌ಟಾಪ್ ಜೋಡಿಸಿ ಆ ಕಾರ್ಡಿನ ಪುಟ ತೆರೆದಳು. ಸಾಲುಗಳನ್ನು ಮೇಲಿನಿಂದ ಓದುತ್ತ ಬಂದವಳು ಕಟ್ಟಕಡೆಯ ಸಾಲಿನಲ್ಲಿ ನಿಂತಳು. ಆರ್ಡರ್ ವೈರ್. ಅದರ ಪಕ್ಕದಲ್ಲಿ ಲೂಪ್ ಇದೆ ಎಂಬ ಗುರುತು. ಲೂಪ್ ಇದ್ದದ್ದು ಭದ್ರಾವತಿಯಲ್ಲಲ್ಲ. ಶಿವಮೊಗ್ಗದಲ್ಲಿ, ಅವಳ ಕಡೆ, ಅವಳ ಕೈಯಾರೆ ಹಾಕಿದ್ದು.

ನಲ್ಲಿಯ ನೀರು, ಕನ್ನಡಿ, ಬೊಟ್ಟು ಎಲ್ಲವೂ ಒಟ್ಟಿಗೆ ನೆನಪಾದವು. ಕಡೆಯ ಸಾಲನ್ನು ಹಾಗೇ ಬಿಟ್ಟು ಮುಖ ತೊಳೆಯಲು ಎದ್ದು ಹೋಗಿದ್ದಳು. ಬಂದ ಮೇಲೆ ಲ್ಯಾಪ್‌ಟಾಪ್ ಮುಚ್ಚಿತ್ತು. ಅಂದು ಆ ಕಡೆ ಅವನೂ ರಿಸೀವರ್ ಎತ್ತಿರಬೇಕು, ಮೇಡಂ ಎಂದಿರಬೇಕು, ತನ್ನದೇ ದನಿ ಕೇಳಿರಬೇಕು. ಶರಾವತಿ ಮೇಡಂ ಲೂಪ್ ಮರೆಯುವವರಲ್ಲ ಎಂದು ಜಿಲ್ಲೆಗೆಲ್ಲ ಗೊತ್ತು. ಒಪ್ಪಿಗೆ ಇಲ್ಲದಿದ್ದರೆ ಲೂಪ್ ಹಾಕಿ ಎಂದು ಹೇಳಿದವನೂ ಅವನೇ. ಗೊತ್ತಾಯ್ತು ಮೇಡಂ ಎಂದು ಅವನು ಬರೆದದ್ದು ಏನೆಂದು ಅವಳಿಗೆ ಇಷ್ಟು ದಿನಕ್ಕೆ ಗೊತ್ತಾಯಿತು.

ಅವಳು ಲೂಪ್ ತೆಗೆಯಲೂ ಇಲ್ಲ, ಯಾರಿಗೂ ಹೇಳಲೂ ಇಲ್ಲ. ಬ್ಯಾಗು ತೆಗೆದುಕೊಂಡು ಅರ್ಧ ದಿನ ರಜೆ ಹಾಕಿ ಬಸ್‌ಸ್ಟ್ಯಾಂಡಿಗೆ ನಡೆದಳು. ಭದ್ರಾವತಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಬಹಳ ದಿನದ ಮೇಲೆ ಅದು ಸಂತೋಷಕ್ಕೆ ಹೊಡೆದುಕೊಳ್ಳುತ್ತಿತ್ತು. ಬೈದುಕೊಳ್ಳಲಿ, ನಗಲಿ. ಮೊದಲು ನಗುತ್ತಾನೆ, ಆಮೇಲೆ ಇದನ್ನೇ ಹಿಡಿದುಕೊಂಡು ಸಾಯುವ ತನಕ ಕಾಡಿಸುತ್ತಾನೆ. ಕಾಡಿಸಲಿ. ಫೋನ್ ಮಾಡಿ ಹೇಳುವ ಮಾತಲ್ಲ ಇದು, ಫೋನನ್ನು ನಂಬಿ ಒಮ್ಮೆ ಕೆಟ್ಟದ್ದು ಸಾಕು. ಭದ್ರಾ ಸೇತುವೆ ದಾಟುವಾಗ ಅವಳು ಕನ್ನಡಿ ತೆಗೆದು ಮತ್ತೆ ಬೊಟ್ಟು ನೋಡಿಕೊಂಡಳು.

ನ್ಯೂ ಟೌನಿನ ಮನೆಯನ್ನು ಅವನು ಎಷ್ಟು ಸಲ ಬಣ್ಣಿಸಿದ್ದನೆಂದರೆ ಯಾರನ್ನೂ ಕೇಳದೆ ಹುಡುಕಿಕೊಂಡಳು. ಗೇಟಿನ ಪಕ್ಕ ನುಗ್ಗೆಮರ, ನೀಲಿ ಬಾಗಿಲು. ಬಾಗಿಲು ತೆರೆದದ್ದು ಸುಮಾರು ಅವಳದೇ ವಯಸ್ಸಿನ ಒಬ್ಬ ಹೆಂಗಸು. ಕೈಯಲ್ಲಿ ಬಿಡಿಸುತ್ತಿದ್ದ ಮೆಂತ್ಯ ಸೊಪ್ಪು. ಶರಾವತಿ ಹೆಸರು ಹೇಳುತ್ತಲೇ ಅವಳ ಮುಖ ಅರಳಿತು.

“ಶಿವಮೊಗ್ಗದ ಮೇಡಂ ಅಲ್ವಾ? ಬನ್ನಿ, ಒಳಗೆ ಬನ್ನಿ. ಇವ್ರು ಯಾವಾಗ್ಲೂ ನಿಮ್ಮ ವಿಷ್ಯ ಹೇಳ್ತಿರ್ತಾರೆ.”

‘ಇವ್ರು’ ಎಂದು ಹೆಂಡತಿಯರು ಅನ್ನುವ ಹಾಗೆ ಅಂದಳು. ಶರಾವತಿಗೆ ಹೊಸ್ತಿಲ ಮೇಲೆಯೇ ಎಲ್ಲ ತಿಳಿದುಹೋಯಿತು. ಕಾಲು ಮಾತ್ರ ಅಭ್ಯಾಸಬಲದಿಂದ ಚಪ್ಪಲಿ ಕಳಚಿ ಒಳಗೆ ನಡೆಯಿತು.

ಆಕೆಯ ಹೆಸರು ಜಗದಾಂಬಾ. ಓಲ್ಡ್ ಟೌನಿನ ಶಾಲೆಯಲ್ಲಿ ಮೇಡಂ ಆಗಿದ್ದವಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಈ ಮದುವೆಯನ್ನು ರಶ್ಮಿಯೇ ಹಟ ಹಿಡಿದು ಮಾಡಿಸಿದ್ದಂತೆ, ಮಾಘದಲ್ಲಿ, ಮಠದಲ್ಲಿ ಮನೆಯವರಷ್ಟೇ ಸೇರಿ. ರಶ್ಮಿಯ ಅಪ್ಪ ಮೊದಲು ಒಪ್ಪಿರಲಿಲ್ಲವಂತೆ, ಒಂದು ವರ್ಷ ಯಾರ ಹತ್ತಿರವೂ ಸರಿಯಾಗಿ ಮಾತೇ ಆಡದೆ ಕೂತಿದ್ದರಂತೆ. ಇದನ್ನೆಲ್ಲ ಜಗದಾಂಬಾ ಮಂಡಕ್ಕಿಗೆ ಒಗ್ಗರಣೆ ಹಾಕುತ್ತ ಅಡುಗೆಮನೆಯಿಂದಲೇ ಹೇಳಿದಳು. ಅವಳನ್ನು ದ್ವೇಷಿಸಬೇಕೆಂದರೂ ಆಗದಷ್ಟು ಒಳ್ಳೆಯವಳಾಗಿದ್ದಳು, ಶರಾವತಿಯ ಕರ್ಮ.

ವಿಜಯೇಂದ್ರ ಸಂತೆಯಿಂದ ತರಕಾರಿ ಚೀಲ ಹಿಡಿದು ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳನ್ನು ಕಂಡವನು ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತ. ಹೊಸ ಟವರಿನ ಕೆಲಸಕ್ಕೆ ಎಕ್ಸ್‌ಚೇಂಜಿಗೆ ಬಂದಿದ್ದೆ, ಹಾಗೇ ನೋಡಿಕೊಂಡು ಹೋಗೋಣವೆಂದು ಬಂದೆ ಎಂದು ಶರಾವತಿ ಹೇಳಿದಳು. ಕಾರ್ಡು ಹೇಗೆ ನಡೆಯುತ್ತಿದೆ ಎಂದು ಅವನು ಕೇಳಿದ. ಚೆನ್ನಾಗಿದೆ ಎಂದಳು. ಜಗದಾಂಬಾ ತಟ್ಟೆ ತಂದಿಟ್ಟು ನಕ್ಕಳು.

“ಬೆಳಿಗ್ಗೆ ಎದ್ದ ತಕ್ಷಣ ಇವ್ರಿಗೆ ಯಾರ ಹತ್ರಾದ್ರೂ ಮಾತಾಡ್ಲೇಬೇಕು ಮೇಡಂ. ಕಾಫಿ ಕುಡಿಯೋಕೆ ಮುಂಚೆ ಶುರು. ನನ್ನ ತಲೆ ತಿಂದ್ಬಿಡ್ತಾರೆ.”

ಶರಾವತಿ ಮಂಡಕ್ಕಿ ತಿಂದಳು. ತಟ್ಟೆ ಖಾಲಿ ಮಾಡಿ ನೀರು ಕುಡಿದಳು. ಹೊರಡುವಾಗ ಜಗದಾಂಬಾ ಕೂರಿಸಿ ಅರಿಶಿನ ಕುಂಕುಮ ಕೊಟ್ಟು, ತೆಂಗಿನಕಾಯಿಯ ಜೊತೆಗೆ ಒಂದು ರವಿಕೆ ಕಣ ಇಟ್ಟಳು. ಎಲೆಹಸಿರು ಬಣ್ಣದ್ದು. ಮನೆಗೆ ಮೊದಲ ಸಲ ಬಂದಿದ್ದೀರಿ, ಬರಿಗೈಯಲ್ಲಿ ಕಳಿಸಬಾರದು ಎಂದಳು.

ಬಸ್ ಸ್ಟಾಪಿನ ತನಕ ವಿಜಯೇಂದ್ರ ಜೊತೆಗೆ ಬಂದ. ದಾರಿಯಲ್ಲಿ ಇಬ್ಬರಿಗೂ ಮಾತು ಹುಟ್ಟಲಿಲ್ಲ. ಕಣ್ಣಿಗೆ ಕಾಣದಿದ್ದಾಗ ಅಷ್ಟು ಮಾತಾಡಿದವರು ಅವರು. ಸ್ಟಾಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ರಸ್ತೆಯನ್ನೇ ನೋಡುತ್ತ ಕೇಳಿದ.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ ಮೇಡಂ. ಆವತ್ತು ಲೂಪ್ ಬೇಕೂಂತ್ಲೇ ಹಾಕಿದ್ರಾ, ಇಲ್ಲಾ ಮರೆತದ್ದಾ? ಮರೆತದ್ದಾಗಿದ್ರೆ ಅಂತ ಒಂದು ಹುಳ ಈಗ್ಲೂ ತಲೇಲಿ ಕೊರೀತಾ ಇರತ್ತೆ. ಆವಾಗ್ಲೇ ಒಂದು ಫೋನ್ ಮಾಡಿ ಕೇಳ್ಬೇಕಿತ್ತು. ಮತ್ತೆ ಕೇಳಲ್ಲ ಅಂತ ಮಾತು ಕೊಟ್ಟಿದ್ನಲ್ಲ.”

ಆ ಪ್ರಶ್ನೆಗೆ ಉತ್ತರ ಹೇಳಲೆಂದೇ ಅವಳು ಬಸ್ಸು ಹತ್ತಿ ಬಂದಿದ್ದಳು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಅವನಿಗೆ ತಾನು ಎಂದೂ ಬೇಡವಾಗಿರಲಿಲ್ಲ ಎಂದು ಗೊತ್ತಾಗುತ್ತಿತ್ತು. ಅವಳಿಗೆ ಅಷ್ಟಾದರೂ ಸಿಗುತ್ತಿತ್ತು. ಆದರೆ ಆಮೇಲೆ ಅವನು ನೀಲಿ ಬಾಗಿಲಿನ ಮನೆಗೆ ವಾಪಸ್ ಹೋಗಿ, ಮೆಂತ್ಯ ಸೊಪ್ಪು ಬಿಡಿಸುತ್ತಿರುವವಳ ಎದುರು ಕೂತು, ನಾಳೆ ಬೆಳಿಗ್ಗೆ ಯಾವ ಬಾಯಲ್ಲಿ ಮಾತಾಡಬೇಕು? ಕೈಯಲ್ಲಿದ್ದ ರವಿಕೆ ಕಣವನ್ನು ಅವಳು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

“ಬೇಕೂಂತ್ಲೇ ಹಾಕಿದ್ದು,” ಎಂದಳು. “ಲೂಪ್ ಮರೆಯೋಳಲ್ಲ ನಾನು. ನಿಮಗೆ ಗೊತ್ತಲ್ಲ.”

ವಿಜಯೇಂದ್ರ ದೊಡ್ಡದಾಗಿ ಉಸಿರು ಬಿಟ್ಟ. ಸದ್ಯ ಎಂದ. ಹಾಗೆಂದವನ ಕಣ್ಣಲ್ಲಿ ನೀರು ಯಾಕೆ ಬಂತೋ ಅವನೇ ಬಲ್ಲ. ಬಸ್ಸು ಬಂತು. ತಾಯಿಯವರನ್ನು ಕೇಳಿದೆ ಎಂದು ಹೇಳಿ ಎಂದ. ಹೇಳುತ್ತೇನೆ ಎಂದು ಹತ್ತಿದಳು. ಕಿಟಕಿಯ ಪಕ್ಕ ಜಾಗವಿದ್ದರೂ ಆಚೆಯ ಸೀಟಿನಲ್ಲಿ ಕೂತಳು, ಅವನು ನಿಂತು ನೋಡುತ್ತಿರುತ್ತಾನೆ ಎಂದು ಗೊತ್ತಿತ್ತು. ಸೇತುವೆ ದಾಟಿದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಪಕ್ಕದಲ್ಲಿದ್ದ ಮುದುಕಿ ಏನಾಯ್ತವ್ವ ಎಂದು ಕೇಳಿದ್ದಕ್ಕೆ ಧೂಳು ಎಂದಳು.

ಶಿವಮೊಗ್ಗಕ್ಕೆ ಬಂದಾಗ ಇನ್ನೂ ಬಿಸಿಲಿತ್ತು. ಮನೆಗೆ ಹೋಗದೆ ನೇರ ಆಫೀಸಿಗೆ ಹೋದಳು. ಲ್ಯಾಪ್‌ಟಾಪ್ ಜೋಡಿಸಿ ಅದೇ ಪುಟ ತೆರೆದು ಕಟ್ಟಕಡೆಯ ಸಾಲಿಗೆ ಬಂದಳು. ಲೂಪ್ ತೆಗೆಯಲೇ ಎಂದು ಅದು ಒಮ್ಮೆ ಕೇಳಿತು. ಹೌದು ಎಂದು ಒತ್ತಿದಳು. ಆಗಿಹೋಯಿತು, ಅಷ್ಟು ಸುಲಭದ ಕೆಲಸ. ದೀಪ ಮೊದಲೂ ಹಸಿರಿತ್ತು, ಈಗಲೂ ಹಸಿರೇ ಇತ್ತು.

ಕೆಲಸ ಮುಗಿದ ಮೇಲೆ ಲೈನು ನೋಡದೆ ಏಳುವುದು ಅವಳ ಪದ್ಧತಿಯಲ್ಲ. ಕರ್ಚೀಫಿನಿಂದ ಧೂಳು ಒರೆಸಿ ರಿಸೀವರ್ ಎತ್ತಿದಳು. ಗುಂಡಿ ಒತ್ತಿದಳು. ಅವಳ ಮುಂದಿನ ಗಂಟೆ ಬಾರಿಸಲಿಲ್ಲ. ಬಾರಿಸಿದ್ದು ಭದ್ರಾವತಿಯಲ್ಲಿ, ಬೀಗ ಹಾಕಿದ ರೂಮಿನಲ್ಲಿ. ಹೊಸ ಲೈನಿನಲ್ಲಿ ಮೊದಲ ಮಾತು ಒಳ್ಳೆಯದೇ ಆಗಬೇಕು.

“ವಿಜಯೇಂದ್ರ, ನಂಗೆ ಒಪ್ಪಿಗೆ ಇದೆ.”

ಕಿವಿಗೊಟ್ಟು ಕಾದಳು. ಅವಳ ದನಿ ವಾಪಸ್ ಬರಲಿಲ್ಲ. ಲೈನು ಸರಿಯಾಗಿತ್ತು.